ಅಕ್ಕನ ಉಸಿರು

ಬಸ್ ನಿಲ್ದಾಣದ ಮಾಳಿಗೆಯ ಮೇಲೆ, ದೊಡ್ಡ ಗಡಿಯಾರದ ಪಕ್ಕದಲ್ಲಿ, ಮೂರು ಕಡೆ ಗಾಜಿರುವ ಒಂದು ಸಣ್ಣ ಕೋಣೆಯಿದೆ. ಅಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳನ್ನು ಕೂಗುವುದು ನನ್ನ ಚಿಕ್ಕಮ್ಮನ ಕೆಲಸ. ಓದು ಮುಗಿದು ಕೆಲಸ ಸಿಗದೆ ನಾನು ಅವಳ ಮನೆಯಲ್ಲಿದ್ದೆ. ಮಧ್ಯಾಹ್ನ ಊಟದ ಡಬ್ಬಿ ಕೊಡುವ ನೆಪದಲ್ಲಿ ಬಂದು ಸಂಜೆಯವರೆಗೆ ಆ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದೆ. ಗಾಜಿನಾಚೆ ಅಷ್ಟೊಂದು ಗದ್ದಲ, ಒಳಗೆ ಅದರ ಗುಂಯ್ ಎನ್ನುವ ನೆರಳು ಮಾತ್ರ. ನನಗೆ ಅದು ಹಿಡಿಸಿತ್ತು.

ಕೋಣೆಯ ಕೆಳಗೆ ಅಂಗಳ, ಅಂಗಳದ ಅಂಚಿಗೆ ಸಾಲಾಗಿ ಬಸ್ಸು ನಿಲ್ಲುವ ಅಂಕಣಗಳು. ಬಸ್ಸುಗಳು ಅಂಕಣದೊಳಗೆ ಮೂತಿ ಇಟ್ಟು ನಿಲ್ಲುತ್ತವೆ. ಹೊರಡುವಾಗ ಹಿಂದೆ ಹಿಂದೆ ಸರಿದು ಅಂಗಳಕ್ಕೆ ಬಂದು, ಆಮೇಲೆ ಗೇಟಿನತ್ತ ತಿರುಗುತ್ತವೆ. ಎಂದೋ ಒಂದು ದಿನ ಎರಡು ಬಸ್ಸುಗಳು ಒಟ್ಟಿಗೆ ಹಿಂದೆ ಸರಿದು ಬೆನ್ನಿಗೆ ಬೆನ್ನು ತಿಕ್ಕಿಕೊಂಡ ಮೇಲೆ ಒಂದು ಕಟ್ಟಳೆ ಬಂತು: ಮೈಕಿನಲ್ಲಿ ತನ್ನ ಬಸ್ಸಿನ ಕೂಗು ಪೂರ್ತಿ ಮುಗಿದು, 'ಹೊರಡುತ್ತಿದೆ' ಎಂಬ ಕೊನೆಯ ಮಾತು ಕಿವಿಗೆ ಬೀಳುವ ತನಕ ಯಾವ ಡ್ರೈವರನೂ ಬ್ರೇಕಿನಿಂದ ಕಾಲು ತೆಗೆಯಬಾರದು.

ಚಿಕ್ಕಮ್ಮ ಈ ಕಟ್ಟಳೆಯೊಳಗೆ ತನಗೆ ಬೇಕಾದ ಒಂದು ಕಿಂಡಿ ಕೊರೆದುಕೊಂಡಿದ್ದಳು. 'ಪ್ರಯಾಣಿಕರ ಗಮನಕ್ಕೆ' ಎಂದು ಶುರು ಮಾಡಿ, ಊರು, ದಾರಿ, ಅಂಕಣ ಎಲ್ಲವನ್ನೂ ನೀರು ಕುಡಿದಷ್ಟು ಸಲೀಸಾಗಿ ಹೇಳಿ, ಕೊನೆಯ ಮಾತಿಗೆ ಮುಂಚೆ ಒಂದು ಗಳಿಗೆ ನಿಲ್ಲುತ್ತಿದ್ದಳು. ನಿಂತು ಗೇಟಿನ ಕಡೆ ಕಣ್ಣು ಹಾಯಿಸುತ್ತಿದ್ದಳು. ಯಾರೂ ಇಲ್ಲದಿದ್ದರೆ 'ಹೊರಡುತ್ತಿದೆ'. ಯಾರಾದರೂ ಮಗುವನ್ನು ಸೊಂಟಕ್ಕೆ ಏರಿಸಿಕೊಂಡೋ, ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದೋ ಓಡಿಬರುತ್ತಿದ್ದರೆ ಆ ಗಳಿಗೆ ಹಿಗ್ಗುತ್ತಿತ್ತು. ಅವರ ಕಾಲು ಬಸ್ಸಿನ ಮೆಟ್ಟಿಲಿಗೆ ತಾಗಿದ ಮೇಲೆಯೇ ಮಾತು ಮುಗಿಯುತ್ತಿತ್ತು. ಡ್ರೈವರುಗಳು ಇದಕ್ಕೆ 'ಅಕ್ಕನ ಉಸಿರು' ಎಂದು ಹೆಸರಿಟ್ಟಿದ್ದರು. ಇವತ್ತು ಅಕ್ಕ ಉಸಿರು ಎಳೆದದ್ದು ಎಳೆದದ್ದೇ, ಅಷ್ಟರಲ್ಲಿ ನಾನೊಂದು ನಿದ್ದೆ ತೆಗೆದೆ ಎಂದು ಚಹಾ ಅಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಆದರೆ ಯಾರೂ ಬ್ರೇಕು ಬಿಡುತ್ತಿರಲಿಲ್ಲ.

ಓಡಿಬರುವವರಿಗೆ ಬೇಗ ಬನ್ನಿ, ಬಸ್ಸು ನಿಮಗಾಗಿ ನಿಂತಿದೆ ಎಂದು ಹೇಳಿಬಿಡಬಾರದೇಕೆ ಎಂದು ಒಮ್ಮೆ ಕೇಳಿದ್ದೆ. ಅವಳು ಡಬ್ಬಿಯ ಮುಚ್ಚಳ ತಿರುಗಿಸುತ್ತ ನನ್ನನ್ನು ಪೆದ್ದಿಯನ್ನು ನೋಡಿದ ಹಾಗೆ ನೋಡಿದಳು.

"ಹಾಗೆ ಹೇಳಿದ್ರೆ ಅರ್ಧ ಜನ ನಾಚಿಕೆಗೇ ವಾಪಸ್ ಹೋಗ್ತಾರೆ ಕಣೆ. ಕಾಯ್ಬೇಕು, ಕಾದಿದ್ದು ಗೊತ್ತಾಗ್ಬಾರ್ದು."

ಹೀಗಾಗಿ ಆ ಊರಿನಲ್ಲಿ ಎಷ್ಟೋ ಜನ ತಮ್ಮ ಅದೃಷ್ಟ ಚೆನ್ನಾಗಿದೆ ಎಂದುಕೊಂಡೇ ಬದುಕುತ್ತಿದ್ದರು. ಪರೀಕ್ಷೆ ತಪ್ಪದ ಹುಡುಗಿ, ಹೆರಿಗೆಯಾದ ಮಗಳನ್ನು ಅದೇ ಸಂಜೆ ನೋಡಲು ಸಿಕ್ಕ ತಾಯಿ, ಕೆಲಸದ ಮೊದಲ ದಿನವೇ ತಡವಾಗದ ಗುಮಾಸ್ತ. ತಮ್ಮನ್ನು ಒಂದು ಮೌನ ಎತ್ತಿ ಬಸ್ಸಿಗೆ ಹಾಕಿತೆಂದು ಅವರಿಗೆ ಗೊತ್ತಿಲ್ಲ. ನಾನು ಮೂಲೆಯಲ್ಲಿ ಕೂತು ಇದನ್ನು ಬಹಳ ಸಲ ಯೋಚಿಸಿದ್ದೇನೆ.

ಮೌನವನ್ನು ಇಷ್ಟು ಚೆನ್ನಾಗಿ ಬಳಸುತ್ತಿದ್ದ ಚಿಕ್ಕಮ್ಮ ಉಳಿದ ಹೊತ್ತೆಲ್ಲ ಮಾತಿನ ಮಲ್ಲಿ ಎಂಬುದು ಬೇರೆ ವಿಷಯ. ಮೈಕು ಆರಿಸಿದ ಕೂಡಲೇ ಅವಳ ಬಾಯಿ ಹೊತ್ತಿಕೊಳ್ಳುತ್ತಿತ್ತು. ಪಾತ್ರೆಯ ಜೊತೆ ಮಾತು, ನಲ್ಲಿಯ ಜೊತೆ ಜಗಳ, ಕಿಟಕಿಗೆ ಬಂದ ಕಾಗೆಗೆ ಬುದ್ಧಿವಾದ. ನನಗೆ ಅವಳು ಇಟ್ಟ ಹೆಸರು ಗುಮ್ಮಿ. ಗುಮ್ಮನಗುಸಕ ಎಂಬುದನ್ನು ಮುದ್ದಿಗೆ ಕತ್ತರಿಸಿದ್ದು. ಮನೆಗೆ ಬಂದವರು ಇವಳೇಕೆ ಮಾತಾಡುವುದಿಲ್ಲ ಎಂದು ಕೇಳಿದರೆ ಉತ್ತರ ತಯಾರಿರುತ್ತಿತ್ತು: ಮಾತು ಬೆಳ್ಳಿ, ಮೌನ ಬಂಗಾರ ಅಲ್ವಾ, ನಮ್ಮ ಹುಡುಗಿ ಬಂಗಾರದ ಅಂಗಡಿ ಇಟ್ಕೊಂಡಿದಾಳೆ, ವ್ಯಾಪಾರ ಮಾತ್ರ ಇಲ್ಲ.

ಮಾತಿನ ಮಲ್ಲಿಯ ಗಂಟಲೇ ಕೈಕೊಟ್ಟಿತು. ಮೊದಲು ಸ್ವರ ಬಿರಿಯಿತು, ಆಮೇಲೆ ತಗಡು ಗೀಚಿದ ಹಾಗಾಯಿತು. ದೊಡ್ಡಾಸ್ಪತ್ರೆಯ ಗಂಟಲಿನ ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ, ಸ್ವರ ಹೊರಡುವ ಜಾಗದಲ್ಲಿ ಸಣ್ಣ ಗಂಟು ಕಟ್ಟಿದೆ, ಕೆಟ್ಟದ್ದೇನಲ್ಲ, ಆದರೆ ತಾನು ಮತ್ತೆ ನೋಡಿ ಹೇಳುವ ತನಕ ಒಂದು ಮಾತೂ ಕೂಡದು ಎಂದರು. ಪಿಸುಮಾತೂ ಕೂಡದು. ಪಿಸುಗುಟ್ಟಿದರೆ ಕೂಗಿದ್ದಕ್ಕಿಂತ ಹೆಚ್ಚು ಕೆಡುತ್ತದಂತೆ.

ಮೈಕಿಗೆ ಯಾರು ಎಂಬ ಪ್ರಶ್ನೆ ಬಂತು. ನಿಲ್ದಾಣದ ಕಂಟ್ರೋಲರ್ ಮಾಳಿಗೆಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತು ನನ್ನನ್ನು ನೋಡಿದರು. ಹೇಗೂ ದಿನಾ ಇಲ್ಲೇ ಕೂತಿರುತ್ತೀ, ಅದೇ ಕುರ್ಚಿ ಸ್ವಲ್ಪ ಮುಂದಕ್ಕೆ ಎಳೆದುಕೋ ಎಂದರು. ಚಿಕ್ಕಮ್ಮ ಪಕ್ಕದಲ್ಲಿ ನಿಂತು ಹೂಂ ಎನ್ನಲೂ ಆಗದೆ ತಲೆಯನ್ನು ಜೋರಾಗಿ ಆಡಿಸಿದಳು.

ಮೊದಲ ದಿನ 'ಪ್ರಯಾಣಿಕರ ಗಮನಕ್ಕೆ' ಎಂದೆ. ಅಂಗಳದ ನಾಲ್ಕು ಮೂಲೆಯ ಧ್ವನಿವರ್ಧಕಗಳಲ್ಲಿ ನನ್ನದೇ ಸ್ವರ ಹೊರಟು ನನ್ನ ಕಡೆಗೇ ತಿರುಗಿ ಬಂತು. ಯಾರೋ ಅಪರಿಚಿತಳು ನನ್ನ ಬಾಯಿ ಹೊಕ್ಕ ಹಾಗೆ. ನಾನು ತಡೆದುಬಿಟ್ಟೆ. ಪ್ರಯಾಣಿಕರು ಗಮನ ಕೊಟ್ಟು, ಕತ್ತೆತ್ತಿ ಕಾದರು. ಕೊನೆಗೆ ಊರಿನ ಹೆಸರು ಹೇಳಿದೆ, ಮತ್ತೆ ನಿಂತೆ. ದಾರಿ ಹೇಳಿದೆ, ಮತ್ತೆ ನಿಂತೆ. ದಿನಗಳು ಕಳೆದರೂ ಈ ಅಭ್ಯಾಸ ಹೋಗಲಿಲ್ಲ. ಪ್ರತಿ ಮಾತಿಗೂ ಮುಂಚೆ ನನಗೆ ಒಂದು ಕಟ್ಟೆ ಬೇಕಾಗುತ್ತಿತ್ತು, ಹತ್ತಿ ಕೂತು ದಣಿವಾರಿಸಿಕೊಂಡು ಇಳಿಯಲು.

ಇದರಿಂದ ಡ್ರೈವರುಗಳಿಗೆ ತಲೆ ಕೆಟ್ಟಿತು. ಅವರ ಪರವಾಗಿ ಮಾತಾಡಲು ಬಂದವನು ಮೀಸೆ. ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸಿನ ಡ್ರೈವರ್. ಮೊದಲು ಕಂಡಕ್ಟರಾಗಿದ್ದು ಆಮೇಲೆ ಸ್ಟೀರಿಂಗು ಹಿಡಿದವನು. ಮುಖಕ್ಕಿಂತ ಅಗಲವಾದ ಮೀಸೆಯಿಂದಾಗಿ ಅವನ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿತ್ತು.

"ತಂಗಿ, ಬೇಜಾರು ಮಾಡ್ಕೋಬೇಡ," ಎಂದ. "ಅಕ್ಕ ನಿಲ್ಲಿಸಿದ್ರೆ ಯಾರೋ ಓಡಿ ಬರ್ತಿದಾರೆ ಅಂತ ಗೊತ್ತಾಗ್ತಿತ್ತು. ನೀನು ನಿಲ್ಲಿಸಿದ್ರೆ ಅದು ಉಸಿರೋ, ಆಕಳಿಕೆಯೋ, ಏನಂತ ತಿಳ್ಕೊಳ್ಳೋಣ?"

ಅವನೇ ಒಂದು ದಾರಿ ಹೇಳಿದ. ಅಂಕಣದ ಸಂಖ್ಯೆ ಹೇಳಿ ನೀನು ಸುಮ್ಮನಾದರೆ ಸಾಕು, ನಾವು ಹೊರಡುತ್ತೇವೆ, ಕೊನೆಯ ಮಾತು ನೀನು ನಿಧಾನಕ್ಕೆ ಯಾವಾಗಲಾದರೂ ಹೇಳಿಕೋ ಎಂದ. ನಾನು ತಲೆಯಾಡಿಸಿದೆ. ಅವನು ಹೋದ ಮೇಲೆ ಯೋಚಿಸಿದರೆ, ಚಿಕ್ಕಮ್ಮ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಕಿಂಡಿಯನ್ನು ನಾನು ಒಂದು ತಲೆಯಾಟದಲ್ಲಿ ಮುಚ್ಚಿದ್ದೆ. ಕೊನೆಯ ಮಾತಿಗೆ ಮುಂಚೆ ಬೇಕೆಂದು ನಿಂತರೂ ಈಗ ಅದರೊಳಗೆ ಯಾರಿಗೂ ಜಾಗವಿರಲಿಲ್ಲ. ಓಡಿಬಂದವರು ಹೋಗುತ್ತಿರುವ ಬಸ್ಸಿನ ಬೆನ್ನು ನೋಡುತ್ತ ನಿಲ್ಲುವುದನ್ನು ಕೆಲವು ಸಲ ನೋಡಿದೆ. ಚಿಕ್ಕಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಬಯ್ಯಲೂ ಆಗದೆ ಒದ್ದಾಡುತ್ತಿದ್ದಳು.

ಮನೆಯಲ್ಲಿ ಅವಳ ಒದ್ದಾಟ ಬೇರೆಯೇ ಇತ್ತು. ಅದು ಚಿಕ್ಕಪ್ಪನಿಗಾಗಿ.

ಚಿಕ್ಕಪ್ಪ ಒಂದು ಕಾಲದಲ್ಲಿ ಮೀಸೆಯ ಬಸ್ಸನ್ನೇ ಓಡಿಸುತ್ತಿದ್ದವರು. ಮೀಸೆ ಆಗ ಅವರ ಕಂಡಕ್ಟರ್. ಅಕ್ಕನ ಉಸಿರಿಗೆ ಕಾಯುವುದಿರಲಿ, 'ಹೊರಡುತ್ತಿದೆ' ಎಂದ ಮೇಲೂ ಸ್ವಲ್ಪ ಹೊತ್ತು ಹೊರಡದೆ ಇರುತ್ತಿದ್ದ ಒಬ್ಬನೇ ಡ್ರೈವರ್ ಅವರಂತೆ. ಆಗಿನ ಕಂಟ್ರೋಲರ್ ಮಾಳಿಗೆಗೆ ಬಂದು ಇವನಿಗೆ ಕಿವಿ ಕೇಳಿಸುವುದಿಲ್ಲವೇ ಎಂದು ಕೇಳಿದಾಗ ಚಿಕ್ಕಮ್ಮ, ಕೇಳಿಸೋದೇ ತೊಂದರೆಯಾಗಿದೆ ಸಾರ್ ಎಂದಳಂತೆ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಅವರ ಕಣ್ಣಿನ ನರ ಒಣಗುತ್ತ ಬಂತು. ಮೊದಲು ಬದಿಗಳು ಹೋದವು, ಆಮೇಲೆ ನಡುವಿನದು. ಸ್ಟೀರಿಂಗು ಬಿಟ್ಟು ಮನೆಯಲ್ಲಿ ಉಳಿದರು.

ಆದರೆ ಅವರು ಗೋಡೆ ತಡಕುತ್ತ ನಡೆದದ್ದನ್ನು ನಾನು ಕಂಡಿರಲಿಲ್ಲ. ಚಿಕ್ಕಮ್ಮನ ಮಾತೇ ಅವರಿಗೆ ಗೋಡೆ. ಅವಳು ಒಲೆಯ ಮುಂದೆ ನಿಂತು ಗೊಣಗಿದರೆ ಅಡುಗೆಮನೆ ಎಲ್ಲಿದೆಯೆಂದು ತಿಳಿಯುತ್ತಿತ್ತು; ಹಿತ್ತಲಲ್ಲಿ ನಲ್ಲಿಗೆ ಬಯ್ದರೆ ಬಾಗಿಲು ಯಾವ ಕಡೆ ಎಂದು. ಆ ಮಾತನ್ನು ಹಿಡಿದುಕೊಂಡು ಮನೆಯೆಲ್ಲ ಓಡಾಡುತ್ತಿದ್ದರು, ಸೊಪ್ಪು ಸೋಸುತ್ತಿದ್ದರು, ಬಟ್ಟೆ ಒಣಹಾಕುತ್ತಿದ್ದರು. ಅವಳು ಬಾಯಿ ಮುಚ್ಚಿದ ದಿನ ಮನೆ ಅವರಿಗೆ ಎರಡನೇ ಸಲ ಕತ್ತಲಾಯಿತು.

ಒಂದು ಮಧ್ಯಾಹ್ನ ನಾನು ಮನೆಗೆ ಬಂದಾಗ ಅವರು ನಡುಮನೆಯಲ್ಲಿ ಕೂತು ಏನೋ ಹಳೆಯ ಪ್ರಸಂಗವೊಂದನ್ನು ನಗುತ್ತ ಹೇಳುತ್ತಿದ್ದರು. ಎದುರಿನ ಕುರ್ಚಿ ಖಾಲಿಯಿತ್ತು. ಚಿಕ್ಕಮ್ಮ ಹಾಲಿಗೆಂದು ಹೊರಗೆ ಹೋಗಿದ್ದವಳು ಅದೇ ಆಗ ಬಂದು ಬಾಗಿಲಲ್ಲಿ ನಿಂತಿದ್ದಳು. ನಾವಿಬ್ಬರೂ ನಿಂತೇ ಇದ್ದೆವು. ಅವರು ಕಥೆ ಮುಗಿಸಿ, "ಅಲ್ವೇನೇ?" ಎಂದು ಖಾಲಿ ಕುರ್ಚಿಯನ್ನು ಕೇಳಿದರು.

ಅಂದಿನಿಂದ ಅವಳು ಸೊಂಟಕ್ಕೆ ಒಂದು ಸ್ಟೀಲ್ ಚಮಚ ಸಿಕ್ಕಿಸಿಕೊಂಡಳು. ಹೋದಲ್ಲೆಲ್ಲ ಬಾಗಿಲಿಗೆ, ಪಾತ್ರೆಗೆ, ಕಿಟಕಿಯ ಸರಳಿಗೆ ಬಡಿಯುತ್ತಿದ್ದಳು. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಚಿಕ್ಕಪ್ಪ ಅದನ್ನು ಬೇಗ ಕಲಿತರು. ಇಷ್ಟು ವರ್ಷದಲ್ಲಿ ಇವಳು ಎರಡೇ ಮಾತಿನಲ್ಲಿ ಮುಗಿಸುವುದನ್ನು ಈಗ ಕೇಳುತ್ತಿದ್ದೇನೆ ಎಂದು ತಮಾಷೆಯನ್ನೂ ಮಾಡಿದರು. ಆದರೆ ಓಡಾಟ ನಿಂತಿತು. ಚಮಚದ ಸದ್ದು ಆ ಕ್ಷಣಕ್ಕೆ ಎಲ್ಲಿದ್ದಾಳೆಂದು ತಿಳಿಸುತ್ತಿತ್ತು. ಹಿಡಿದುಕೊಂಡು ನಡೆಯಲು ಅದಕ್ಕೆ ಉದ್ದವಿರಲಿಲ್ಲ. ಒಂದೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಆ ಮನೆಯಲ್ಲಿ ನನಗೆ ಮೊದಲ ಬಾರಿಗೆ ಮೌನ ಭಾರವೆನಿಸಿತು.

ಸಂಜೆ ಹೊತ್ತು ಅವರ ಪಕ್ಕ ಕೂತು ನಾನೇ ಮಾತಾಡಲು ನೋಡುತ್ತಿದ್ದೆ. ನನಗೆ ಬರುತ್ತಿರಲಿಲ್ಲ. ಅದನ್ನು ತಿಳಿದು ಅವರೇ ತಮ್ಮ ಹಳೆಯ ದಾರಿಯನ್ನು ಹೇಳುತ್ತಿದ್ದರು, ದೊಡ್ಡಾಸ್ಪತ್ರೆಗೆ ಹೋಗುವ ದಾರಿಯ ಒಂದೊಂದು ನಿಲುಗಡೆಯನ್ನೂ. ಹೇಳುವಾಗ ಎರಡೂ ಕೈ ಗಾಳಿಯಲ್ಲಿ ಸ್ಟೀರಿಂಗು ಹಿಡಿಯುತ್ತಿದ್ದವು. ಹಳೆ ಗಿರಣಿ ಬಂದಾಗ ಎಡಕ್ಕೆ, ಸೇತುವೆ ಬಂದಾಗ ಸ್ವಲ್ಪ ಎತ್ತಿ, ಇಟ್ಟಿಗೆ ಗೂಡಿನ ಹತ್ತಿರ ದೂಳಿಗೆ ಕಿಟಕಿ ಏರಿಸುವ ನಟನೆ. ನಾನು ಪ್ರಯಾಣಿಕಳಂತೆ ಕೂತು ಕೇಳುತ್ತಿದ್ದೆ.

ಗಂಟಲಿನ ಡಾಕ್ಟರು ದೊಡ್ಡಾಸ್ಪತ್ರೆಗೆ ಬರುವುದು ತಿಂಗಳಿಗೊಮ್ಮೆ, ಅದೂ ಬೆಳಗಿನ ಹೊತ್ತು ಮಾತ್ರ. ಆ ದಿನ ಬಂತು. ಬೆಳಗಿನ ಬಸ್ಸು ತಪ್ಪಿದರೆ ಮುಂದಿನದು ಮಧ್ಯಾಹ್ನ; ಅಷ್ಟರಲ್ಲಿ ಡಾಕ್ಟರು ಹೋಗಿರುತ್ತಾರೆ. ಚಮಚದ ಇನ್ನೊಂದು ತಿಂಗಳು. ಚಿಕ್ಕಮ್ಮ ಬೆಳಕು ಹರಿಯುವ ಮುಂಚೆಯೇ ಎದ್ದು ಸೀರೆಗೆ ಇಸ್ತ್ರಿ ಹಾಕಿಕೊಂಡಳು. ಚಿಕ್ಕಪ್ಪ ಜೊತೆಗೆ ಹೊರಟರು. ಅವಳ ಪರವಾಗಿ ಮಾತಾಡಲು ಅವರು, ಅವರ ಪರವಾಗಿ ನೋಡಲು ಅವಳು.

"ನಮ್ಮಿಬ್ಬರನ್ನೂ ಕೂಡಿಸಿದ್ರೆ ಒಂದು ಪೂರ್ತಿ ಮನುಷ್ಯ ಆಗುತ್ತೆ," ಎಂದರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ಮೀಸೆಯ ಕಂಡಕ್ಟರಿಗೆ ಹೇಳು, ಒಂದೇ ಟಿಕೆಟ್ ಹರೀಲಿ."

ಚಮಚ ಎರಡು ಸಲ ಬಡಿಯಿತು.

ನಾನು ಮೊದಲೇ ಹೋಗಿ ಮೈಕಿನ ಮುಂದೆ ಕೂತಿದ್ದೆ. ಮೀಸೆಯ ಬಸ್ಸು ಅಂಕಣದಲ್ಲಿ ಮೂತಿಯಿಟ್ಟು ನಿಂತಿತ್ತು. ಎಲ್ಲ ಬಸ್ಸುಗಳಿಗೂ ಹಿಂದೆ ಸರಿಯುವಾಗ ಕಂಡಕ್ಟರು ಹಿಂದೆ ನಿಂತು ಸೀಟಿ ಊದಬೇಕು. ಅಂದು ಮೀಸೆಯ ಕಂಡಕ್ಟರು ಕಾಲಿಗೆ ಪಟ್ಟಿ ಕಟ್ಟಿದ್ದ ಮುದುಕರೊಬ್ಬರನ್ನು ಎತ್ತಿ ಒಳಗೆ ಕೂರಿಸುವುದರಲ್ಲಿದ್ದ. ಹೊತ್ತಾಯಿತೆಂದು ಕಂಟ್ರೋಲರ್ ಕೆಳಗಿನಿಂದ ಕೈ ಮಾಡಿದರು. ಗೇಟಿನಲ್ಲಿ ಚಿಕ್ಕಮ್ಮ, ಚಿಕ್ಕಪ್ಪ ಕಾಣಿಸಿದರು. ಅವಳು ಅವರ ಮೊಣಕೈ ಹಿಡಿದಿದ್ದಳು. ಅಂಗಳ ದಾಟಿದರೆ ಬಸ್ಸು. ಬೇಕಾದಷ್ಟು ಸಮಯವಿದೆ ಎಂದುಕೊಂಡು ನಾನು ಶುರು ಮಾಡಿದೆ.

"ಪ್ರಯಾಣಿಕರ ಗಮನಕ್ಕೆ. ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸು..."

ಅಂಗಳದ ನಡುವೆ ದೀಪದ ಕಂಬದ ಸುತ್ತ ಒಂದು ಕಟ್ಟೆಯಿದೆ. ಅಲ್ಲಿಗೆ ಬಂದ ಚಿಕ್ಕಮ್ಮ ನಿಂತುಬಿಟ್ಟಳು. ಕಟ್ಟೆಯ ಕೆಳಗೆ ಒಂದು ಗೋಣಿ ಚೀಲವಿತ್ತು. ಅವಳು ಚೀಲ ನೋಡಿದಳು, ಆಮೇಲೆ ಗೇಟಿನತ್ತ ತಿರುಗುತ್ತಿದ್ದ ಇನ್ನೊಂದು ಬಸ್ಸನ್ನು ನೋಡಿದಳು, ಆಮೇಲೆ ಚಿಕ್ಕಪ್ಪನನ್ನು. ನನಗೆ ಏನೂ ಅರ್ಥವಾಗಲಿಲ್ಲ. ಅದು ಗಾರೆಯವನೊಬ್ಬನ ಸಾಮಾನಿನ ಚೀಲವೆಂದು, ಒಳಗೆ ಅವನ ಕರಣಿ, ತೂಕದ ಗುಂಡು, ಉಜ್ಜುವ ಹಲಗೆ ಇದ್ದವೆಂದು ಆಮೇಲೆ ತಿಳಿಯಿತು. ನೀರು ಕುಡಿಯಲು ಇಳಿಸಿದವನು ಬಸ್ಸು ಹೊರಟಿತೆಂದು ಬರಿಗೈಯಲ್ಲಿ ಹತ್ತಿದ್ದನ್ನು ಅವಳು ಗೇಟಿನಿಂದ ಬರುವಾಗ ಕಂಡಿದ್ದಳು. ಬೇರೆ ದಿನವಾಗಿದ್ದರೆ ಚಿಕ್ಕಮ್ಮ ನಿಂತಲ್ಲಿಂದಲೇ ಒಂದು ಕೂಗು ಹಾಕುತ್ತಿದ್ದಳು. ಬಸ್ಸಿರಲಿ, ಗೇಟಿನಾಚೆಯ ಕುದುರೆಯೂ ನಿಲ್ಲುತ್ತಿತ್ತು. ಇಂದು ಕೂಗಿನ ಬದಲು ಕಾಲೇ ಓಡಬೇಕಿತ್ತು.

ಅವಳು ಚಿಕ್ಕಪ್ಪನ ಹೆಗಲ ಮೇಲೆ ಎರಡು ಸಲ ತಟ್ಟಿದಳು. ಬೇಡ, ಕದಲಬೇಡಿ. ಕೈ ಬಿಟ್ಟಳು. ಚೀಲವನ್ನು ಎದೆಗವಚಿಕೊಂಡು ಗೇಟಿನ ಕಡೆ ಓಡಿದಳು.

ಅವರನ್ನು ಅಂಗಳದ ನಡುವೆ ಬಿಟ್ಟುಹೋದದ್ದು ಅಜಾಗ್ರತೆಯಲ್ಲ. ಅವಳ ಕಿವಿ ನನ್ನ ಕೂಗಿನ ಮೇಲಿತ್ತು. ಕೂಗು ಮುಗಿದಿಲ್ಲ, ಮುಗಿಯದೆ ಯಾವ ಬಸ್ಸೂ ಹಿಂದೆ ಬರುವುದಿಲ್ಲ. ಅವಳು ಇಷ್ಟು ವರ್ಷ ನಂಬಿ ಬದುಕಿದ ಕಟ್ಟಳೆ ಅದು. ಅದನ್ನು ನಾನು ಸಡಿಲಿಸಿದ್ದು ಅವಳಿಗೆ ಗೊತ್ತಿರಲಿಲ್ಲ.

ನಾನು ಅಂಕಣದ ಸಂಖ್ಯೆ ಹೇಳಿದೆ. ಹೇಳಿ, ಅವಳು ಬರುವ ತನಕ ಬಸ್ಸನ್ನು ಹಿಡಿಯಬೇಕೆಂದು, ಅವಳು ಹೇಗೆ ಮಾಡುತ್ತಿದ್ದಳೋ ಹಾಗೆಯೇ, ಸುಮ್ಮನಾದೆ. ಮೀಸೆಯ ಜೊತೆಗಿನ ಒಪ್ಪಂದ ಆ ಗಳಿಗೆಗೆ ಮರೆತೇಹೋಗಿತ್ತು.

ಮೀಸೆಯ ಬಸ್ಸಿನ ಹಿಂದಿನ ದೀಪ ಹೊತ್ತಿಕೊಂಡಿತು. ಹಿಡಿಯಲೆಂದು ನಾನು ಸುಮ್ಮನಾಗಿದ್ದೆ. ಹೊರಡಲು ಬಿಟ್ಟೆನೆಂದು ಅವನು ತಿಳಿದ. ಸೀಟಿಗೂ ಕಾಯದೆ ಬಸ್ಸು ನಿಧಾನವಾಗಿ ಹಿಂದೆ ಸರಿಯತೊಡಗಿತು. ಅದರ ಬೆನ್ನಿನ ನೇರಕ್ಕೆ ಚಿಕ್ಕಪ್ಪ ನಿಂತಿದ್ದರು, ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೆಂಡತಿ ಹೋದ ಕಡೆಗೆ ಮುಖ ಮಾಡಿ.

"ನಿಲ್ಲಿ."

ಅದು ನನ್ನ ಬಾಯಿಂದ ಬಂದದ್ದೆಂದು ಧ್ವನಿವರ್ಧಕ ಹೇಳಿದ ಮೇಲೆ ತಿಳಿಯಿತು. ಯಾವ ಕಟ್ಟೆಯೂ ಹತ್ತದೆ, ದಣಿವಾರಿಸಿಕೊಳ್ಳದೆ ಬಂದ ಮಾತು. ಮೀಸೆ ಬ್ರೇಕು ತುಳಿದ. ಮೈಕಿನಲ್ಲಿ ನಿಲ್ಲಿ ಎಂದರೆ ನಿಲ್ದಾಣವೇ ನಿಲ್ಲುತ್ತದೆ ಎಂದು ಅಂದು ಕಂಡೆ. ಕಸ ಗುಡಿಸುವವಳು ಪೊರಕೆ ಹಿಡಿದು ನಿಂತಳು, ಚಹಾದವನು ಕೆಟಲಿಯನ್ನು ಎತ್ತಿ ಹಿಡಿದೇ ನಿಂತ. ಚಿಕ್ಕಪ್ಪ ನಿಂತೇ ಇದ್ದರು, ಆದರೂ ಇನ್ನಷ್ಟು ನೆಟ್ಟಗಾದರು.

ಮೀಸೆ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದ. ನಾನು ಮತ್ತೆ ಸುಮ್ಮನಾದರೆ ಅವನು ಮತ್ತೆ ಹೊರಡುತ್ತಾನೆ. ನನ್ನ ಚಿಕ್ಕಮ್ಮನಿಗಾಗಿ ಕಾಯಿರಿ ಎನ್ನಬಹುದಿತ್ತು. ಆದರೆ ಬಸ್ಸಿನ ತುಂಬ ಡಾಕ್ಟರಿಗಾಗಿಯೇ ಹೊರಟ ಜನ, ಕೆಳಗೆ ಕಂಟ್ರೋಲರ್. ಮತ್ತೆ ಅವಳ ಮಾತು ಕಿವಿಯಲ್ಲಿತ್ತು: ಕಾಯಬೇಕು, ಕಾದದ್ದು ಗೊತ್ತಾಗಬಾರದು. ಉಳಿದದ್ದು ಒಂದೇ ದಾರಿ, ಕೂಗನ್ನು ಮುಗಿಸದೇ ಇರುವುದು. ಅದಕ್ಕೆ ಮಾತು ಬೇಕು. ನನ್ನ ಹತ್ತಿರ ಮಾತು ಎಲ್ಲಿತ್ತು? ಚಿಕ್ಕಪ್ಪನ ದಾರಿಯೊಂದಿತ್ತು.

"ಈ ಬಸ್ಸು," ಎಂದೆ, "ಹಳೆ ಗಿರಣಿ, ಗಿರಣಿಯ ಹಿಂದಿನ ತಿರುವು, ಮರದ ಮಿಲ್ಲು, ಎರಡು ಬಾವಿ, ಸೇತುವೆಯ ಈ ಕಡೆ, ಸೇತುವೆಯ ಆ ಕಡೆ..."

ತಡೆಯದೆ ಹೇಳುತ್ತ ಹೋದೆ. ಈಗ ಯಾರೂ ಇಳಿಯದ ನಿಲುಗಡೆಗಳನ್ನು ಹೇಳಿದೆ, ಬಿದ್ದುಹೋದ ಶಾಲೆಯನ್ನು ಹೇಳಿದೆ, ಮುಚ್ಚಿಹೋದ ಬೆಂಕಿಪೆಟ್ಟಿಗೆ ಕಾರ್ಖಾನೆಯನ್ನು, ಕಡಿದುಹಾಕಿದ ಆಲದ ಮರವನ್ನು ಹೇಳಿದೆ. ಬಸ್ಸಿನ ಕಿಟಕಿಗಳಿಂದ ಒಂದೊಂದೇ ತಲೆ ಹೊರಬಂತು. ಯಾರೋ ನಕ್ಕರು. ಒಬ್ಬ ಅಜ್ಜಿ, ಆಲದ ಮರ ಅಂದಳು ಕೇಳಿದ್ಯಾ, ನಾನು ಮದುವೆಯಾಗಿ ಬಂದಾಗ ಅಲ್ಲೇ ಇಳಿದದ್ದು ಎಂದು ಪಕ್ಕದವಳಿಗೆ ಹೇಳಿದ್ದನ್ನು ಮೀಸೆ ಆಮೇಲೆ ನನಗೆ ವರದಿ ಮಾಡಿದ. ಕಂಟ್ರೋಲರ್ ಮಾಳಿಗೆಯ ಮೆಟ್ಟಿಲಿನತ್ತ ಹೊರಟು, ಅರ್ಧದಲ್ಲಿ ನಿಂತು, ಕಿವಿಗೊಟ್ಟರು.

ಚಿಕ್ಕಪ್ಪ ಕೊಡೆಯನ್ನು ಕಂಕುಳಿಗೆ ಸೇರಿಸಿದ್ದರು. ಅವರ ಎರಡೂ ಕೈ ಮುಂದೆ ಬಂದಿದ್ದವು. ಗಿರಣಿಗೆ ಎಡಕ್ಕೆ ತಿರುಗಿದವು, ಸೇತುವೆಗೆ ಸ್ವಲ್ಪ ಎತ್ತಿದವು. ಅಂಗಳದ ನಡುವೆ, ತಮ್ಮದೇ ಹಳೆಯ ಬಸ್ಸಿನ ಬೆನ್ನ ಹಿಂದೆ, ಅವರು ಬಸ್ಸು ಓಡಿಸುತ್ತಿದ್ದರು.

ಗೇಟಿನ ಬಳಿ ಚಿಕ್ಕಮ್ಮ ಆ ಬಸ್ಸಿನ ಮೈಗೆ ಅಂಗೈಯಿಂದ ಬಡಿದಳು. ಬಸ್ಸು ನಿಂತಿತು. ಚೀಲ ಒಳಗೆ ಹೋಯಿತು. ಕಿಟಕಿಯಿಂದ ಒಂದು ಕೈ ಹೊರಬಂದು ಅವಳಿಗೆ ಮುಗಿಯಲು ನೋಡಿ, ಇನ್ನೊಂದು ಕೈ ಸಿಗದೆ ಬರೀ ಆಡಿತು. ಅವಳು ಅದನ್ನು ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಿರುಗಿ ಓಡಿದಳು. ಇಸ್ತ್ರಿಯೆಲ್ಲ ಹಾಳು. ಓಡುತ್ತಲೇ ಒಮ್ಮೆ ಕತ್ತೆತ್ತಿ ಗಾಜಿನ ಕಡೆ ನೋಡಿದಳು. ಇಷ್ಟು ವರ್ಷ ಮೇಲಿನಿಂದ ಓಡುವವರನ್ನು ನೋಡಿದವಳು, ಈಗ ಓಡುತ್ತ ಮೇಲೆ ನೋಡುತ್ತಿದ್ದಳು. ನಾನು ಹೇಳುವುದನ್ನು ನಿಲ್ಲಿಸಲಿಲ್ಲ.

ಅವಳು ಬಂದು ಚಿಕ್ಕಪ್ಪನ ಮೊಣಕೈ ಹಿಡಿದಳು. ಅವರು ಸ್ಟೀರಿಂಗು ಬಿಟ್ಟರು. ಇಬ್ಬರೂ ಬಸ್ಸಿನ ಪಕ್ಕದಿಂದ ಬಾಗಿಲಿಗೆ ಹೋದರು. ಮೊದಲು ಅವರ ಕಾಲು, ಆಮೇಲೆ ಅವಳದು ಮೆಟ್ಟಿಲ ಮೇಲೆ ಬಿತ್ತು. ಕಂಡಕ್ಟರು ಇಳಿದು ಹಿಂದೆ ಬಂದು ಸೀಟಿ ಬಾಯಿಗಿಟ್ಟುಕೊಂಡ.

"ಹೊರಡುತ್ತಿದೆ," ಎಂದೆ.

ಮೈಕು ಆರಿಸಿದೆ. ಕಂಟ್ರೋಲರ್ ಬಂದು ಬಾಗಿಲಲ್ಲಿ ನಿಂತರು. ಭೂಗೋಳದ ಪಾಠ ಮುಗಿಯಿತೇ, ನಾಳೆಯೂ ಇದೆಯೇ ಎಂದು ಕೇಳಿದರು. ನಾನು ಮೀಸೆಯ ಜೊತೆ ಆಗಿದ್ದ ಒಪ್ಪಂದವನ್ನೂ ಬಸ್ಸಿನ ಹಿಂದೆ ಚಿಕ್ಕಪ್ಪ ನಿಂತಿದ್ದನ್ನೂ ಹೇಳಿದೆ. ಅವರ ಮುಖ ಬದಲಾಯಿತು. ಕೆಳಗೆ ಇಳಿದುಹೋಗಿ, ಡ್ರೈವರುಗಳನ್ನು ಚಹಾ ಅಂಗಡಿಯ ಮುಂದೆ ಒಟ್ಟುಹಾಕಿ ಬಹಳ ಹೊತ್ತು ಮಾತಾಡುವುದು ಗಾಜಿನಿಂದ ಕಂಡಿತು. ಹಳೆಯ ಕಟ್ಟಳೆ ಅಂದೇ ಮಧ್ಯಾಹ್ನ ತಿರುಗಿ ಬಂತು.

ಆ ದಿನ ಉದ್ದವಾಗಿತ್ತು. ಬಸ್ಸುಗಳನ್ನು ಕೂಗಿದೆ, ಊಟದ ಡಬ್ಬಿ ತೆರೆದು ಮುಚ್ಚಿದೆ. ಡಾಕ್ಟರು ಏನೆಂದಿರಬಹುದು? ಇನ್ನೂ ಒಂದು ತಿಂಗಳು ಎಂದರೆ? ಗಂಟು ಕರಗಿಲ್ಲ, ಕತ್ತರಿಸಬೇಕು ಎಂದರೆ? ಖಾಲಿ ಕುರ್ಚಿಗೆ ಕಥೆ ಹೇಳುತ್ತಿದ್ದ ಚಿಕ್ಕಪ್ಪನ ಮುಖ ಕಣ್ಣ ಮುಂದೆ ಬರುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಮೀಸೆಯ ಬಸ್ಸು ಬಂತು. ಇಳಿಯುವವರ ನಡುವೆ ಇಬ್ಬರೂ ಇಳಿದರು. ನಾನು ಗಾಜಿಗೆ ಹಣೆ ಹಚ್ಚಿ ನೋಡಿದೆ. ಅಷ್ಟು ದೂರದಿಂದ ಬಾಯಿ ಆಡುವುದು ಕಾಣುವುದಿಲ್ಲ. ಗಾಜಿನೊಳಗೆ ಏನೂ ಕೇಳಿಸುವುದಿಲ್ಲ. ಆದರೆ ಅವಳು ಅವರ ಮೊಣಕೈ ಹಿಡಿದಿರಲಿಲ್ಲ. ಇಬ್ಬರ ನಡುವೆ ಒಂದು ಮೊಳ ಜಾಗವಿತ್ತು. ಚಿಕ್ಕಪ್ಪ ಕೊಡೆಯನ್ನು ಬೀಸಿಕೊಂಡು, ತಲೆಯನ್ನು ಅವಳ ಕಡೆಗೆ ಸ್ವಲ್ಪ ವಾಲಿಸಿ, ಕಟ್ಟೆಯನ್ನು ಸುತ್ತಿ, ನಿಂತ ನೀರನ್ನು ದಾಟಿ, ಕಣ್ಣಿದ್ದವರ ಹಾಗೆ ನಡೆದು ಬರುತ್ತಿದ್ದರು.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ.

ಚಿಕ್ಕಮ್ಮ ಮಾಳಿಗೆ ಹತ್ತಿ ಬಂದಳು. ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಳು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಅವಳು ಗಂಟಲಿಗೆ ಕೈಯಿಟ್ಟು, ಹೊಸ ಪಾತ್ರೆಯನ್ನು ಇಳಿಸಿದಷ್ಟು ಜೋಪಾನವಾಗಿ ಮಾತನ್ನು ಇಳಿಸಿದಳು. ಸ್ವರ ತೆಳ್ಳಗಿತ್ತು, ಆದರೆ ಅವಳದೇ.

"ಇಟ್ಟಿಗೆ ಗೂಡು ಬಿಟ್ಟೆ."

ಚಿಕ್ಕಪ್ಪ ಮೆಟ್ಟಿಲಲ್ಲಿ ನಿಂತು ನಗುತ್ತಿದ್ದರು. ಬಸ್ಸು ಹತ್ತಿದ ಕೂಡಲೇ ತಾವು ಇದನ್ನೇ ಹೇಳಿದ್ದರಂತೆ, ಹುಡುಗಿ ಸೇತುವೆಯಿಂದ ನೇರ ಶಾಲೆಗೆ ಹಾರಿದಳು, ನಡುವಿನ ಇಟ್ಟಿಗೆ ಗೂಡು ಎಲ್ಲಿ ಹೋಯಿತು ಎಂದು. ಗಂಟು ಬಹುಪಾಲು ಕರಗಿದೆ, ದಿನಕ್ಕೆ ಸ್ವಲ್ಪ ಸ್ವಲ್ಪ ಮಾತಾಡಬಹುದು, ಮೈಕಿನ ಕೆಲಸ ಮಾತ್ರ ಇನ್ನೂ ಕೆಲವು ತಿಂಗಳು ಬೇಡ ಎಂದು ಡಾಕ್ಟರು ಹೇಳಿದ್ದನ್ನೂ ಅವರೇ ಹೇಳಿದರು. ಚಿಕ್ಕಮ್ಮ ಕೈಬೀಸಿ ಮಧ್ಯೆ ಬಂದಳು.

"ಇರೋ ಸ್ವಲ್ಪ ಮಾತನ್ನ ಬಸ್ಸಿಗ್ಯಾಕೆ ಸುರೀಲಿ? ಬಸ್ಸಿಗೆ ಗುಮ್ಮಿ ಇದಾಳೆ."

ಡಾಕ್ಟರು ಮಾತಾಡಿ ನೋಡಿ ಎಂದಾಗ ಮೊದಲು ಏನು ಹೇಳಿದಳು ಎಂದು ನಾನು ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕಪ್ಪನನ್ನು ಕೇಳಿದೆ. ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು.

"ರೀ ಅಂದಳು," ಎಂದರು. "ಆಮೇಲಿಂದು ನಿನಗ್ಯಾಕೆ?"

ನಾನು ಮತ್ತೆ ಕೇಳಲಿಲ್ಲ. ಕೇಳದೆ ಬಿಡುವುದು ನನಗೆ ಬರುತ್ತದೆ.

ಮರುದಿನ ಬೆಳಿಗ್ಗೆ ಅಂಕಣದ ಸಂಖ್ಯೆ ಹೇಳಿ ನಿಂತೆ. ಗೇಟಿನಲ್ಲಿ ಒಬ್ಬ ಹೆಂಗಸು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕೋಳಿಯಿದ್ದ ಬುಟ್ಟಿ, ಓಡಿ ಬರುತ್ತಿದ್ದಳು. ಮೀಸೆ ಕಿಟಕಿಯಿಂದ ಕತ್ತೆತ್ತಿ ಗಾಜಿನತ್ತ ನೋಡಿದ. ನೋಡುತ್ತಲೇ ಇದ್ದ. ಅವಳು ಹತ್ತಿದಳು, ಬುಟ್ಟಿ ಹತ್ತಿತು. ಕೊನೆಯ ಮಾತು ಹೇಳಿದೆ. ಆಮೇಲೆ ಅವನು ಚಹಾ ಅಂಗಡಿಯಲ್ಲಿ, ತಂಗಿಗೂ ಉಸಿರು ಬಂತು ನೋಡ್ರಪ್ಪ ಎಂದನಂತೆ.

ಮನೆಯಲ್ಲಿ ಚಿಕ್ಕಪ್ಪ ಮತ್ತೆ ಓಡಾಡುತ್ತಿದ್ದಾರೆ. ಆದರೆ ಚಮಚ ಇನ್ನೂ ಚಿಕ್ಕಮ್ಮನ ಸೊಂಟದಲ್ಲಿದೆ. ಸೊಪ್ಪು ಸೋಸುತ್ತಿದ್ದವರು ಒಂದು ದಿನ ಕೇಳಿದರು, ಡಾಕ್ಟರು ಮಾತಾಡಬಹುದು ಅಂದ ಮೇಲೂ ಇದನ್ನ ಯಾಕೆ ಬಡೀತೀಯಾ, ಎತ್ತಿಡಲೇನು ಎಂದು.

ಒಲೆಯ ಕಡೆಯಿಂದ ಎರಡು ಸಲ ಸದ್ದು ಬಂತು.